ಗಾಯದ ವಾಕ್ಯ: ತಂತ್ರಾಂಶದ ನಮೂನೆಯಲ್ಲಿ ಕಾರಕ ವಿಚಾರ

ಐಚ್ಛಿಕ ಕನ್ನಡವನ್ನು ಓದಿದ ವಿದ್ಯಾರ್ಥಿಗಳಲ್ಲಿ ಎಲ್ಲರೂ ಅಧ್ಯಾಪಕರಾಗುವುದಿಲ್ಲ. ಕೆಲವರು ಕಾರ್ಖಾನೆ, ಗಿರಣಿ, ಆಸ್ಪತ್ರೆಗಳ ಮಾನವ ಸಂಪನ್ಮೂಲ ವಿಭಾಗಗಳಲ್ಲಿ ಕೆಲಸಕ್ಕೆ ಸೇರುತ್ತಾರೆ. ಅಲ್ಲಿ ಅವರ ಪಾಲಿಗೆ ಬರುವ ಕೆಲಸಗಳಲ್ಲಿ ಗಾಯ ಮತ್ತು ಕಾಯಿಲೆಗಳ ವರದಿಯನ್ನು ತಂತ್ರಾಂಶಕ್ಕೆ ತುಂಬುವುದೂ ಒಂದು. ಗಾಯಗೊಂಡವನು ತನ್ನೂರಿನ ಮಾತಿನಲ್ಲಿ ಹೇಳುತ್ತಾನೆ. ಪರದೆಯ ಮೇಲಿನ ಖಾನೆಗಳು ಬೇರೊಂದು ಭಾಷೆಯಲ್ಲಿರುತ್ತವೆ. ನಡುವೆ ಕುಳಿತವನು ಬರೆಯುವ ಒಂದೆರಡು ವಾಕ್ಯಗಳೇ ಮುಂದೆ ದಾಖಲೆಯಾಗುತ್ತವೆ. ವ್ಯಾಕರಣದ ತರಗತಿಯಲ್ಲಿ ಕಾರಕಗಳನ್ನು ಬಾಯಿಪಾಠ ಮಾಡಿದವರಿಗೆ ಈ ಕೆಲಸದಲ್ಲಿ ಅದು ಹೇಗೆ ಒದಗುತ್ತದೆ, ಮರೆತರೆ ಯಾರಿಗೆ ನಷ್ಟ ಎಂಬುದು ಈ ಪಾಠದ ವಿಷಯ.

ಉದಾಹರಣೆಗೆ ತಾಳವಾಡಿ ಬೆಟ್ಟಸೀಮೆಯನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಚಾಮರಾಜನಗರದ ದಕ್ಷಿಣಕ್ಕೆ, ಸತ್ಯಮಂಗಲದ ಕಾಡಿನ ಮೇಲಿರುವ ಈ ಪ್ರದೇಶದ ಮನೆಮಾತು ಹೆಚ್ಚಿನಂಶ ಕನ್ನಡ. ವರನಟ ರಾಜಕುಮಾರ್ ಅವರ ಗಾಜನೂರು ಇಲ್ಲಿಯದೇ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಈಗ ಅದು ಈರೋಡು ಜಿಲ್ಲೆಯ ಭಾಗ. ಹೀಗಾಗಿ ಇಲ್ಲಿಯವರು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಎಂಬ ಸ್ಥಿತಿಯಲ್ಲಿ ಬದುಕುತ್ತಾರೆ. ದುಡಿಯಲು ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ತಮಿಳುನಾಡಿನ ಗಿರಣಿಗಳತ್ತ ಹೋದರೆ ಕಣ್ಣೆದುರಿನ ಫಲಕ ತಮಿಳಿನದು. ಬಡಗಣಕ್ಕೆ ಚಾಮರಾಜನಗರ, ನಂಜನಗೂಡುಗಳತ್ತ ಹೋದರೆ ಕನ್ನಡದ್ದು. 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಂ ಕಾರ್ಖಾನೆಯ ಸೂಚನಾಫಲಕಗಳು ಇಂಗ್ಲಿಷಿನಲ್ಲಿಯೂ ಬಹುಸಂಖ್ಯೆಯ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ವಿಧಿಸಿತ್ತು. ನಿಯಮ ಒಳ್ಳೆಯದೇ. ಆದರೆ ನೂರು ಜನರ ನಡುವೆ ಹತ್ತೇ ಮಂದಿ ಕನ್ನಡದವರಿದ್ದರೆ ಅವರ ಭಾಷೆಗೆ ಆ ನಿಯಮದಲ್ಲಿ ಜಾಗವಿಲ್ಲ.

ಮೊದಲು ತಂತ್ರಾಂಶದ ರೀತಿಯನ್ನು ಅರಿಯಬೇಕು. ಹಿಂದೆ ಅಪಘಾತಗಳಿಗೆಂದೇ ಒಂದು ಪುಸ್ತಕವಿರುತ್ತಿತ್ತು. ಗುಮಾಸ್ತನು ಅದರಲ್ಲಿ ತನಗೆ ತೋರಿದಷ್ಟು ಬರೆಯುತ್ತಿದ್ದನು. ಈಗ ಪರದೆಯ ಮೇಲೆ ಖಾನೆಗಳಿವೆ. ಕೆಲವು ಖಾನೆಗಳಿಗೆ ನಕ್ಷತ್ರದ ಗುರುತು. ಅವನ್ನು ತುಂಬದೆ ಮುಂದಿನ ಪುಟಕ್ಕೆ ಹೋಗಲಾಗದು. ಕೆಲವೆಡೆ ಬರೆಯುವಂತಿಲ್ಲ, ಸಿದ್ಧವಾದ ಆಯ್ಕೆಪಟ್ಟಿಯಿಂದ ಒಂದನ್ನು ಆರಿಸಬೇಕು. ಯಾರು, ಯಾವ ಹೊತ್ತಿಗೆ ತುಂಬಿದರು, ಆಮೇಲೆ ಯಾರು ತಿದ್ದಿದರು ಎಂಬುದೂ ಸಾಮಾನ್ಯವಾಗಿ ಒಳಗೆ ದಾಖಲಾಗುತ್ತದೆ. ವರದಿಯು ಮೇಲ್ವಿಚಾರಕ, ಸುರಕ್ಷತಾ ಅಧಿಕಾರಿ, ಮಾನವ ಸಂಪನ್ಮೂಲ ವಿಭಾಗ ಹೀಗೆ ಒಬ್ಬರಿಂದೊಬ್ಬರಿಗೆ ಸಾಗುತ್ತದೆ. ಕೊನೆಗೆ ಸರ್ಕಾರಕ್ಕೂ ಕಾರ್ಮಿಕರ ರಾಜ್ಯ ವಿಮಾ ನಿಗಮಕ್ಕೂ ಸಲ್ಲಿಸಬೇಕಾದ ವರದಿಗಳಿಗೆ ಇದೇ ಮಾಹಿತಿ ಆಧಾರ. ಗಾಯಗೊಂಡವನು ಕೆಲಸಕ್ಕೆ ಮರಳಲು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಅಶಕ್ತನಾದರೆ ಕಾರ್ಖಾನೆಯು ಅಧಿಕಾರಿಗಳಿಗೆ ತಿಳಿಸಬೇಕೆಂದು 1948ರ ಕಾಯ್ದೆಯ 88ನೇ ಕಲಂ ವಿಧಿಸಿತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದರೂ ಈ 48 ಗಂಟೆಗಳ ಅಳತೆ ಹಾಗೆಯೇ ಉಳಿದಿದೆ.

ಈ ಬಗೆಯ ಎಷ್ಟೋ ತಂತ್ರಾಂಶಗಳ ಹಿಂದೆ ಅಮೆರಿಕದ ಕೆಲಸದ ಸುರಕ್ಷತಾ ಇಲಾಖೆಯ ನಮೂನೆಗಳ ಅಚ್ಚು ಕಾಣುತ್ತದೆ. ಅಲ್ಲಿನ 301ನೇ ನಮೂನೆಯಲ್ಲಿ ನಾಲ್ಕು ಪ್ರಶ್ನೆಗಳಿವೆ. ಘಟನೆಗೆ ತುಸು ಮುಂಚೆ ಕಾರ್ಮಿಕನು ಏನು ಮಾಡುತ್ತಿದ್ದನು? ಏನು ನಡೆಯಿತು? ಆದ ಗಾಯ ಅಥವಾ ಕಾಯಿಲೆ ಯಾವುದು? ಯಾವ ವಸ್ತು ಅಥವಾ ಪದಾರ್ಥ ನೇರವಾಗಿ ಹಾನಿ ಮಾಡಿತು? ಕನ್ನಡದ ವಿದ್ಯಾರ್ಥಿಗೆ ಇವು ಅಪರಿಚಿತವಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದವನು ಕ್ರಿಯೆ, ಕರ್ತೃ, ಕರ್ಮ, ಕರಣ, ಅಧಿಕರಣ ಎಂದು ಬೇರೆ ಹೆಸರುಗಳಿಂದ ಇವನ್ನು ಗುರುತಿಸುತ್ತಾನೆ. ನಾಲ್ಕನೆಯ ಪ್ರಶ್ನೆ ಕೇಳುವುದು ನೇರವಾಗಿ ಕರಣವನ್ನೇ. ವಿಚಾರಿಸಬೇಕಾದುದು ಒಂದೇ: ವರದಿಯ ವಾಕ್ಯದಲ್ಲಿ ಯಾವ ಕಾರಕ ಖಾಲಿ ಉಳಿಯಿತು, ಖಾಲಿ ಉಳಿದ ಜಾಗಕ್ಕೆ ಯಾರು ಬಂದು ಕುಳಿತರು?

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ತಾಳವಾಡಿ ಕಡೆಯ ಕಾರ್ಮಿಕನೊಬ್ಬ ನೂಲಿನ ಗಿರಣಿಯಲ್ಲಿ ಕೈಗೆ ಪೆಟ್ಟು ಮಾಡಿಕೊಂಡು ಬಂದು ಹೀಗೆ ಹೇಳುತ್ತಾನೆ ಎಂದಿಟ್ಟುಕೊಳ್ಳಬಹುದು:

“ಮಿಷನ್ನು ಓಡ್ತಾನೇ ಇತ್ತು ಸಾ. ನೂಲು ಸಿಕ್ಕಾಕಂಡಿತ್ತು. ಮೇಸ್ತ್ರಿ ಬುಡುಸು ಅಂದ್ರು. ಬುಡುಸಕ್ಕೆ ಕೈ ಹಾಕ್ದೆ, ಎಳಕಂಡ್ಬುಡ್ತು.”

ಇದನ್ನು ಕೇಳಿದ ಗುಮಾಸ್ತನು ತಂತ್ರಾಂಶದಲ್ಲಿ ಬರೆಯುತ್ತಾನೆ: “ಸದರಿ ಕಾರ್ಮಿಕನು ಚಾಲನೆಯಲ್ಲಿದ್ದ ಯಂತ್ರಕ್ಕೆ ಕೈಹಾಕಿ ಬಲಗೈ ಬೆರಳುಗಳಿಗೆ ಗಾಯ ಮಾಡಿಕೊಂಡಿರುತ್ತಾನೆ.”

ಎರಡನೆಯ ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಓದಲು ಶಿಷ್ಟವಾಗಿಯೂ ಇದೆ. ಆದರೆ ಕಾರ್ಮಿಕನು ನಾಲ್ಕು ಪುಟ್ಟ ವಾಕ್ಯಗಳಲ್ಲಿ ಹೇಳಿದ ವಿವರಗಳಲ್ಲಿ ಎಷ್ಟು ಉಳಿದಿವೆ? ‘ಬುಡುಸು ಅಂದ್ರು’ ಎಂಬುದು ಮಾಯವಾಗಿದೆ. ಅಪ್ಪಣೆ ಕೊಟ್ಟ ಕರ್ತೃವೊಬ್ಬನು ವಾಕ್ಯದಿಂದ ಎದ್ದುಹೋಗಿದ್ದಾನೆ. ನೂಲು ಸಿಕ್ಕಿಕೊಂಡಿತ್ತೆಂಬ ಕಾರಣ ಬಿಟ್ಟುಹೋಗಿದೆ. ಅದಿಲ್ಲದೆ ಕೈಹಾಕಿದ ಕ್ರಿಯೆ ಬರಿಯ ಹುಡುಗಾಟವಾಗಿ ತೋರುತ್ತದೆ. ‘ಎಳಕಂಡ್ಬುಡ್ತು’ ಎಂಬಲ್ಲಿ ಎಳೆದುಕೊಂಡದ್ದು ಯಂತ್ರ, ಅಂದರೆ ಆ ಕ್ರಿಯೆಗೆ ಯಂತ್ರವೇ ಕರ್ತೃ. ವರದಿಯಲ್ಲಿ ಯಂತ್ರವು ಕೈಹಾಕುವ ಸ್ಥಳವಾಗಿ ಚತುರ್ಥಿಗೆ ಇಳಿದಿದೆ. ಎಲ್ಲ ಕ್ರಿಯೆಗಳಿಗೂ ಈಗ ಗಾಯಗೊಂಡವನೊಬ್ಬನೇ ಕರ್ತೃ.

ಇಲ್ಲಿ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದದ ಬಗ್ಗೆ ತುಸು ನಿಲ್ಲಬೇಕು. ಆಡುಮಾತಿನಲ್ಲಿ ‘ಕೈ ಕೊಯ್ಕೊಂಡ’, ‘ಕಾಲು ಮುರ್ಕೊಂಡ’ ಎನ್ನುವಾಗ ಯಾರೂ ತಪ್ಪು ಹೊರಿಸುವುದಿಲ್ಲ. ಕ್ರಿಯೆಯ ಫಲ ಮಾಡಿದವನಿಗೇ ತಟ್ಟಿತು ಎಂಬಷ್ಟೇ ಅರ್ಥ. ಮನೆಯಲ್ಲಿ ಅಜ್ಜಿ ಮಗುವಿನ ಮಂಡಿಗೆ ಅರಿಸಿನ ಹಚ್ಚುತ್ತ ‘ಹೆಂಗೆ ಗಾಯ ಮಾಡ್ಕಂಡ್ಯಪ್ಪ’ ಎನ್ನುವಾಗ ಅದು ಅಕ್ಕರೆಯ ಮಾತು. ಅದೇ ಪದ ದಾಖಲೆಯಲ್ಲಿ ಕುಳಿತು, ಅಲ್ಲಿಂದ ಇಂಗ್ಲಿಷಿಗೋ ತಮಿಳಿಗೋ ಹೋದಾಗ ‘ತನಗೆ ತಾನೇ ಗಾಯ ಮಾಡಿಕೊಂಡನು’ ಎಂದಾಗುತ್ತದೆ. ಹೀಗಾದರೆ ನಷ್ಟವೇನು ಎಂದು ಕೇಳಬಹುದು. 2025ರವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 3ನೇ ಕಲಮನ್ನು ನೋಡಬೇಕು. ಕುಡಿತ ಅಥವಾ ಮಾದಕ ವಸ್ತುವಿನ ಅಮಲು, ಸುರಕ್ಷತೆಗಾಗಿ ಕೊಟ್ಟ ಸ್ಪಷ್ಟ ಆಜ್ಞೆಯನ್ನು ಬೇಕೆಂದೇ ಮೀರುವುದು, ರಕ್ಷಣಾ ಕವಚವನ್ನು ಬೇಕೆಂದೇ ತೆಗೆಯುವುದು, ಇವುಗಳಿಂದ ನೇರವಾಗಿ ಆದ ಗಾಯಕ್ಕೆ ಮಾಲೀಕನು ಪರಿಹಾರ ಕೊಡಬೇಕಿಲ್ಲ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಮಾತ್ರ ಈ ವಿನಾಯಿತಿ ನಡೆಯದು. ಅಂದರೆ ಬೆರಳು ಹೋದವನ ವಿಷಯದಲ್ಲಿ ‘ಬೇಕೆಂದೇ’ ಎಂಬ ಪದವೇ ನಿರ್ಣಾಯಕ. ಬರಿಯ ಅಜಾಗರೂಕತೆ ಆ ಪಟ್ಟಿಯಲ್ಲಿಲ್ಲ. ಆದರೆ ‘ಕವಚ ತೆಗೆದು ಕೈಹಾಕಿದನು’ ಎಂದು ಬರೆದ ಗುಮಾಸ್ತನು ಅದು ಮೊದಲೇ ಇರಲಿಲ್ಲವೋ, ಯಾರಾದರೂ ತೆಗೆಸಿದ್ದರೋ ಎಂದು ಕೇಳದೆ ಬರೆದಿದ್ದರೆ, ಆ ಪಟ್ಟಿಯೊಳಕ್ಕೆ ಕಾರ್ಮಿಕನನ್ನು ಅವನೇ ನೂಕಿದಂತೆ.

ಗೌರವವಾಚಕಗಳ ತಾರತಮ್ಯವನ್ನೂ ವಿದ್ಯಾರ್ಥಿಗಳು ಗಮನಿಸಬೇಕು. ‘ಮೇಲ್ವಿಚಾರಕರು ಸೂಚಿಸಿರುತ್ತಾರೆ’, ‘ಕಾರ್ಮಿಕನು ಕೈಹಾಕಿರುತ್ತಾನೆ’ ಎಂದು ಬರೆಯುವುದು ಕಚೇರಿಯ ರೂಢಿ. ‘ಇರುತ್ತಾನೆ’ ಎಂಬ ಈ ವಿಚಿತ್ರ ಕಾಲರೂಪ ಠಾಣೆಯ ಪಂಚನಾಮೆಗಳಿಂದ ಬಂದಂತಿದೆ; ಅದನ್ನು ಓದಿದೊಡನೆ ಯಾರೋ ಆರೋಪಿ ನಿಂತಂತೆ ಭಾಸವಾಗುತ್ತದೆ. ‘ಕೈಹಾಕಿದರು’ ಎಂದು ಸರಳ ಭೂತಕಾಲದಲ್ಲಿ, ಇಬ್ಬರಿಗೂ ಒಂದೇ ಗೌರವದಲ್ಲಿ ಬರೆದರೆ ಯಾವ ನಿಯಮವೂ ಅಡ್ಡಬರುವುದಿಲ್ಲ.

ಸರಿಯಾದ ವರದಿ ಹೀಗಿರಬಹುದು: “ಯಂತ್ರದ ಉರುಳೆಯಲ್ಲಿ ನೂಲು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುವಂತೆ ಮೇಸ್ತ್ರಿ ಹೇಳಿದರೆಂದು ಕಾರ್ಮಿಕರು ತಿಳಿಸಿದ್ದಾರೆ. ಬಿಡಿಸುವಾಗ ಯಂತ್ರ ಚಾಲನೆಯಲ್ಲಿತ್ತು. ಉರುಳೆಯು ಕಾರ್ಮಿಕರ ಬಲಗೈಯನ್ನು ಒಳಕ್ಕೆ ಎಳೆಯಿತು. ಎರಡು ಬೆರಳುಗಳು ಜಜ್ಜಿವೆ.” ಕಾರ್ಮಿಕನಿಗೆ ಕೇಳಿ ‘ಉರುಳೆ’ ಎಂಬುದನ್ನು ಸೇರಿಸಲಾಗಿದೆ, ಊಹಿಸಿ ಅಲ್ಲ. ‘ಹೇಳಿದರೆಂದು ತಿಳಿಸಿದ್ದಾರೆ’ ಎಂಬ ಉದ್ಧರಣ ರೂಪವೂ ಮುಖ್ಯ. ಬರೆಯುವವನು ಮೇಸ್ತ್ರಿಯ ಮೇಲೆ ತೀರ್ಪು ಕೊಡುತ್ತಿಲ್ಲ. ಕೇಳಿದ ಮಾತನ್ನು ಕೇಳಿದವರ ಹೆಸರಿನಲ್ಲಿಯೇ ಇಡುತ್ತಿದ್ದಾನೆ. ಕನ್ನಡದ ‘ಎಂದು’ ಈ ಕೆಲಸಕ್ಕೆ ಹೇಳಿ ಮಾಡಿಸಿದ ಅವ್ಯಯ.

ಇನ್ನು ‘ಇಂದ’ ಪ್ರತ್ಯಯದ ತೊಡಕು. ಹಳಗನ್ನಡದ ವ್ಯಾಕರಣಗಳು ತೃತೀಯೆ ಮತ್ತು ಪಂಚಮಿಗಳನ್ನು ಬೇರೆಯಾಗಿ ಹೇಳುತ್ತವೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ಇಂದ’ವೇ ನಡೆಯುತ್ತದೆ. ‘ಏಣಿಯಿಂದ ಬಿದ್ದನು’ ಎಂಬಲ್ಲಿ ಏಣಿ ಅಪಾದಾನ. ‘ಏಣಿಯಿಂದ ಪೆಟ್ಟಾಯಿತು’ ಎಂಬಲ್ಲಿ ಅದು ಕರಣವೂ ಆಗಬಹುದು, ಏಣಿಯ ಮೇಲಿಂದ ಬಿದ್ದು ಆದ ಪೆಟ್ಟೂ ಆಗಬಹುದು. ತಂತ್ರಾಂಶಕ್ಕೆ ಇವೆರಡೂ ಬೇರೆ ಬೇರೆ ವರ್ಗಗಳು: ಒಂದು ಎತ್ತರದಿಂದ ಬೀಳುವುದು, ಇನ್ನೊಂದು ವಸ್ತು ತಾಗುವುದು. ಒಂದಕ್ಕೆ ಪರಿಹಾರ ಏಣಿಯನ್ನು ಭದ್ರಪಡಿಸುವುದು, ಇನ್ನೊಂದಕ್ಕೆ ಅದನ್ನು ಇಡುವ ಜಾಗ ಬದಲಿಸುವುದು. ‘ಇಂದ’ ಬಂದಲ್ಲೆಲ್ಲ ‘ಮೇಲಿಂದ’ವೋ ‘ತಗಲಿ’ಯೋ ‘ಕಾರಣದಿಂದ’ವೋ ಎಂದು ಬಿಡಿಸಿ ಬರೆಯುವುದು ಕ್ಷೇಮ.

ಪದಗಳ ಮಟ್ಟದಲ್ಲಿಯೂ ಗಡಿಸೀಮೆಯ ವಿದ್ಯಾರ್ಥಿಗೆ ಎಚ್ಚರ ಬೇಕು. ತಮಿಳಿನಲ್ಲಿ ಅಪಘಾತಕ್ಕೆ ‘ವಿಪತ್ತು’ ಎನ್ನುತ್ತಾರೆ. ಬೆರಳು ಜಜ್ಜಿದರೂ ಅದು ವಿಪತ್ತೇ. ಕನ್ನಡಿಗನ ಕಿವಿಗೆ ವಿಪತ್ತು ಎಂದರೆ ನೆರೆ, ಬರ, ಭೂಕಂಪ. ಪರದೆಯ ಮೇಲೆ ಆ ಪದ ಕಂಡು ‘ಇದು ನನ್ನ ಬೆರಳಿಗಲ್ಲ’ ಎಂದುಕೊಂಡರೆ ಆಶ್ಚರ್ಯವಿಲ್ಲ. ತಮಿಳಿನ ‘ನೋಯ್’ ಎಂದರೆ ರೋಗ. ಅದರ ಒಡಹುಟ್ಟಾದ ಕನ್ನಡದ ‘ನೋವು’ ರೋಗವಲ್ಲ, ರೋಗದ ಒಂದು ಲಕ್ಷಣ. ಕಾಯಿಲೆಯ ಖಾನೆಯನ್ನು ನೋವಿನ ಖಾನೆಯೆಂದು ತಿಳಿದವನು ‘ನೋವಿಲ್ಲ, ಬರೀ ಕೆಮ್ಮು’ ಎಂದು ಅದನ್ನು ಖಾಲಿ ಬಿಡಬಹುದು. ಗಾಯಕ್ಕೆ ತಮಿಳಿನವರು ಬರೆಯುವುದು ‘ಕಾಯಂ’ ಎಂದು. ಅವರ ಲಿಪಿಯಲ್ಲಿ ಕ, ಗಗಳಿಗೆ ಒಂದೇ ಅಕ್ಷರ. ಕನ್ನಡದಲ್ಲಿ ಕಾಯ ಎಂದರೆ ದೇಹ, ಕಾಯಂ ಎಂದರೆ ಖಾಯಂ ನೌಕರಿ! ಬಡಗಣ ಗಡಿಯಲ್ಲಿ ಇನ್ನೊಂದು ಬಗೆ. ಮರಾಠಿಯಲ್ಲಿ ‘ಜಖಮ್’ ಮನುಷ್ಯನ ಗಾಯ; ಕನ್ನಡಕ್ಕೆ ಬಂದ ಅದೇ ಪಾರಸಿ ಪದ ಹೆಚ್ಚಾಗಿ ಬಸ್ಸು, ಲಾರಿಗಳಿಗೆ ಮೀಸಲಾಗಿದೆ. ‘ಚಾಲಕನಿಗೆ ಗಾಯ, ವಾಹನ ಜಖಂ’ ಎಂದು ಪತ್ರಿಕೆಗಳು ಬರೆಯುತ್ತವೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಪದವನ್ನು ಎತ್ತಿಡುವವರು ಈ ಸಣ್ಣ ಜಾರುವಿಕೆಗಳನ್ನು ತಿಳಿದಿರಬೇಕು.

ಒಂದು ಪದವೇ ಲೆಕ್ಕವನ್ನು ಬದಲಿಸುವುದೂ ಉಂಟು. ಅಮೆರಿಕದ ನಿಯಮದಲ್ಲಿ ಗಾಯದ ಬಾಯನ್ನು ಪಟ್ಟಿಯಿಂದ ಮುಚ್ಚಿದರೆ ಅದು ಪ್ರಥಮ ಚಿಕಿತ್ಸೆ. ಹೊಲಿಗೆ ಹಾಕಿದರೆ ವೈದ್ಯಕೀಯ ಚಿಕಿತ್ಸೆ. ಮೊದಲನೆಯದು ವಾರ್ಷಿಕ ಲೆಕ್ಕಕ್ಕೆ ಸೇರುವುದಿಲ್ಲ, ಎರಡನೆಯದು ಸೇರುತ್ತದೆ. ಅಲ್ಲಿ 2,00,000 ದುಡಿಮೆಯ ಗಂಟೆಗಳಿಗೆ ಎಷ್ಟು ಗಾಯಗಳು ಎಂದು ಎಣಿಸುತ್ತಾರೆ. ವಾರಕ್ಕೆ 40 ಗಂಟೆಯಂತೆ 50 ವಾರ ದುಡಿಯುವ ನೂರು ಜನರ ಲೆಕ್ಕ ಅದು. ಭಾರತದಲ್ಲಿ ರೂಢಿಯಲ್ಲಿರುವುದು ಹತ್ತು ಲಕ್ಷ ಗಂಟೆಗಳ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ಸಂಸ್ಥೆಗೆ ಹೆಸರು. ಹೊರದೇಶದ ಕೊಳ್ಳುಗರಿಗೆ ಲೆಕ್ಕ ಒಪ್ಪಿಸುವ ಗಿರಣಿಯಲ್ಲಿ ‘ಹೊಲಿಗೆ’ಯನ್ನು ‘ಪಟ್ಟಿ’ ಎಂದು ಬರೆಯುವ ಆಸೆ ಹುಟ್ಟುವುದು ಇಲ್ಲಿಯೇ.

ಕಾಯಿಲೆಯ ವರದಿ ಗಾಯದ ವರದಿಗಿಂತ ಕಷ್ಟ. ಗಾಯಕ್ಕೆ ಗಳಿಗೆಯಿದೆ, ಕಾಯಿಲೆಗಿಲ್ಲ. ಕನ್ನಡದಲ್ಲಿ ಕೆಮ್ಮು, ಜ್ವರ, ಅಲರ್ಜಿ ಎಲ್ಲವೂ ‘ನನಗೆ ಬಂತು’ ಎಂದು ಚತುರ್ಥಿಯ ದಾರಿಯಲ್ಲೇ ಬರುತ್ತವೆ, ನೆಂಟರು ಬಂದಂತೆ. ಎಲ್ಲಿಂದ, ಯಾರ ದೆಸೆಯಿಂದ ಎಂದು ಆ ವಾಕ್ಯ ಕೇಳುವುದೇ ಇಲ್ಲ. ತಂತ್ರಾಂಶವಂತೂ ‘ಘಟನೆಯ ದಿನಾಂಕ’ ಎಂಬ ಖಾನೆಯನ್ನು ತೆರೆದು ಕಾಯುತ್ತದೆ. ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ವರದಿ ಮಾಡಲೇಬೇಕಾದ 29 ರೋಗಗಳಿದ್ದವು: ಸೀಸದ ವಿಷ, ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್, ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್, ಸದ್ದಿನಿಂದ ಬರುವ ಕಿವುಡು ಮೊದಲಾದವು. ಬಿಸಿನೋಸಿಸ್‌ಗೆ ‘ಸೋಮವಾರದ ಜ್ವರ’ ಎಂಬ ಹೆಸರೂ ಇದೆ, ಏಕೆಂದರೆ ರಜೆ ಮುಗಿಸಿ ಗಿರಣಿಗೆ ಮರಳಿದ ಮೊದಲ ದಿನ ಎದೆ ಬಿಗಿತ ಹೆಚ್ಚು. ಆದ್ದರಿಂದ ‘ಕೆಮ್ಮು ಬಂದಿದೆ’ ಎಂದಷ್ಟೇ ಬರೆದ ವರದಿ ನಿಷ್ಪ್ರಯೋಜಕ. ಯಾವ ದಿನ ಹೆಚ್ಚು, ಊರಿಗೆ ಹೋದಾಗ ಕಡಿಮೆಯೇ, ಎಷ್ಟು ವರ್ಷದಿಂದ ಯಾವ ವಿಭಾಗದಲ್ಲಿ ಕೆಲಸ ಎಂಬುದನ್ನು ವಿವರಣೆಯ ಖಾನೆಯಲ್ಲಿ ತುಂಬಬೇಕು. ದಿನಾಂಕದ ಖಾನೆಯಲ್ಲಿ ವೈದ್ಯರು ಗುರುತಿಸಿದ ದಿನವನ್ನಿತ್ತು, ಲಕ್ಷಣಗಳು ತೋರಿದ ಕಾಲವನ್ನು ವಿವರಣೆಯಲ್ಲಿ ಬೇರೆಯಾಗಿ ಹೇಳುವುದು ಲೇಸು.

ಆಯ್ಕೆಪಟ್ಟಿಯ ಬಗ್ಗೆ ಒಂದು ಮಾತು. ಹಲವು ತಂತ್ರಾಂಶಗಳಲ್ಲಿ ಕಾರಣವನ್ನು ‘ಅಸುರಕ್ಷಿತ ವರ್ತನೆ’, ‘ಅಸುರಕ್ಷಿತ ಸ್ಥಿತಿ’ ಎಂದು ಎರಡಾಗಿ ಕೊಟ್ಟಿರುತ್ತಾರೆ. ಈ ವಿಂಗಡಣೆಯ ಮೂಲ ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹರ್ಬರ್ಟ್ ಹೈನ್ರಿಕ್ 1931ರಲ್ಲಿ ಬರೆದ ಗ್ರಂಥ. ಅಪಘಾತಗಳಲ್ಲಿ ನೂರಕ್ಕೆ 88 ದುಡಿಯುವವರ ವರ್ತನೆಯಿಂದಲೇ ಆಗುತ್ತವೆ ಎಂದು ಅವನು ಹೇಳಿದನು. ಅವನು ಆಧರಿಸಿದ್ದ ವರದಿಗಳಲ್ಲಿ ಬಹಳಷ್ಟು ಮೇಲ್ವಿಚಾರಕರೇ ಬರೆದವು ಎಂಬ ಆಕ್ಷೇಪ ಅನಂತರ ಬಂದಿದೆ. ಆಕ್ಷೇಪ ಸರಿಯೆಂದೇ ತೋರುತ್ತದೆ: ‘ಕೊಂಡಿರುತ್ತಾನೆ’ ಎಂದು ಬರೆಯುತ್ತ ಹೋದರೆ ಕನ್ನಡದಲ್ಲಿಯೂ 88 ಬರಲು ಕಷ್ಟವಿಲ್ಲ.

ಹಿಂದಿನ ಕನ್ನಡದಲ್ಲಿ ಇಂಥ ದಾಖಲೆಯೇ ಇರಲಿಲ್ಲವೆಂದಲ್ಲ. ವೀರಗಲ್ಲಿನ ಶಾಸನವನ್ನು ಓದಿದವರಿಗೆ ಅದರ ಖಾನೆಗಳು ನೆನಪಿರುತ್ತವೆ: ಯಾರ ಆಳ್ವಿಕೆ, ಯಾವ ಊರು, ಯಾವ ತುರುಗೋಳು, ಯಾರು ಸತ್ತರು, ಯಾರು ಕಲ್ಲು ನಿಲ್ಲಿಸಿದರು. ಮಡಿದವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು, ಹೆಸರಿನಲ್ಲಿಯೇ ಕಾರಣವಿದೆ. ಇಂದಿನ ಪತ್ರಿಕೆಗಳ ‘ಅಪಘಾತಕ್ಕೆ ಕಾರ್ಮಿಕ ಬಲಿ’, ‘ಆನೆ ದಾಳಿಗೆ ರೈತ ಬಲಿ’ ಎಂಬ ತಲೆಬರಹಗಳಿಗಿಂತ ಆ ಪದ ಎಷ್ಟೋ ನೇರ. ಬಲಿ ಎಂದರೆ ಕೊಟ್ಟವರೂ ಪಡೆದವರೂ ಇರಬೇಕು. ತಲೆಬರಹ ಎರಡನ್ನೂ ಹೇಳುವುದಿಲ್ಲ.

ತಾಳವಾಡಿಯ ಹೊಲಗಳಲ್ಲಿ ದಿನಗೂಲಿಗೆ ದುಡಿಯುವವರ ಗಾಯ ಸಾಮಾನ್ಯವಾಗಿ ಯಾವ ತಂತ್ರಾಂಶಕ್ಕೂ ಬರುವುದಿಲ್ಲ. ಕಾರ್ಖಾನೆ ಕಾಯ್ದೆ ಹೊಲಕ್ಕೆ ಅನ್ವಯಿಸುತ್ತಿರಲಿಲ್ಲ. ಟ್ರ್ಯಾಕ್ಟರ್ ಮೊದಲಾದ ಯಂತ್ರಬಲದಿಂದ ನಡೆಯುವ ಬೇಸಾಯದಲ್ಲಿ ದುಡಿಯುವವರು 1923ರ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಸೇರಿದ್ದರೆಂಬುದು ಎಷ್ಟೋ ಮಂದಿಗೆ ತಿಳಿಯದು. ವಿಮೆಗೆ ಒಳಪಟ್ಟ ಗಿರಣಿ ಕಾರ್ಮಿಕನಿಗೆ ಬೇರೊಂದು ಅನುಕೂಲವಿದೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯ ಅಪಘಾತವನ್ನೂ, ಹೊತ್ತು, ಸ್ಥಳ, ಸಂದರ್ಭಗಳು ಕೆಲಸಕ್ಕೆ ಸಂಬಂಧಿಸಿದ್ದರೆ, ಕೆಲಸದ ಗಾಯವೆಂದೇ ಎಣಿಸಬೇಕೆಂದು ವಿಮಾ ಕಾಯ್ದೆಗೆ 2010ರಲ್ಲಿ 51ಇ ಕಲಮನ್ನು ಸೇರಿಸಲಾಯಿತು. ದಿಂಬಂ ಘಾಟಿಯಲ್ಲಿ ಕೆಲಸ ಮುಗಿಸಿ ಬರುವಾಗ ಆದ ಪೆಟ್ಟಿನ ವರದಿಯಲ್ಲಿ ‘ಎಲ್ಲಿ’ ಎಂಬ ಅಧಿಕರಣದ ಜೊತೆಗೆ ‘ಎಲ್ಲಿಂದ, ಎಲ್ಲಿಗೆ’ ಎಂಬುದೂ ಇರಲೇಬೇಕು. ವಿಮೆಗೆ ಒಳಪಟ್ಟವನು ಗಾಯವನ್ನು ಬಾಯಿಮಾತಿನಲ್ಲಿ ತಿಳಿಸಿದರೂ ಸಾಕೆಂದು ಅದೇ ವಿಮೆಯ ನಿಯಮಗಳು ಹೇಳುತ್ತವೆ. ತಮಿಳಿನ ಪರದೆ ಓದಲಾರದ ಕನ್ನಡಿಗನಿಗೆ ಇದು ದೊಡ್ಡ ಆಸರೆ. ಹಾಗೆಯೇ, ಆ ಬಾಯಿಮಾತನ್ನು ಬರೆದುಕೊಳ್ಳುವವನ ಹೊಣೆಯೂ ದೊಡ್ಡದು.

ಅಭ್ಯಾಸಕ್ಕೆ

ಕೆಳಗಿನ ಹೇಳಿಕೆಗಳಲ್ಲಿ ಕರ್ತೃ, ಕರಣ, ಅಪಾದಾನ, ಅಧಿಕರಣಗಳನ್ನು ಗುರುತಿಸಿ, ವರದಿಯ ಗದ್ಯದಲ್ಲಿ ಬರೆಯಿರಿ. ಹೇಳಿಕೆಯಲ್ಲಿಲ್ಲದ್ದನ್ನು ಸೇರಿಸಬಾರದು; ತಿಳಿಯಬೇಕಾದುದಿದ್ದರೆ ಕಾರ್ಮಿಕರಿಗೆ ಕೇಳಬೇಕಾದ ಪ್ರಶ್ನೆಯಾಗಿ ಬೇರೆ ಬರೆಯಿರಿ.

“ನೆಲ ಎಲ್ಲಾ ಎಣ್ಣೆ ಆಗಿತ್ತು. ಏಣಿ ಜಾರ್ತು, ಬಿದ್ದೋದೆ.”

“ನಾಕ್ ತಿಂಗ್ಳಿಂದ ಕೆಮ್ಮು ಸಾ. ರಜದಲ್ಲಿ ಊರ್ಗೋದ್ರೆ ಕಮ್ಮಿ ಆಯ್ತದೆ.”

“ಮೇಲಿಂದ ಪೆಟ್ಟಿಗೆ ಬಿತ್ತು. ಪುಣ್ಯಕ್ಕೆ ನಾನು ಅಲ್ಲಿರ್ಲಿಲ್ಲ. ಬೆಟ್ಟದಂಗೆ ಬಂದದ್ದು ಮಂಜಿನಂಗೆ ಕರಗ್ತು.”

ಮೂರನೆಯದರಲ್ಲಿ ಗಾಯವೇ ಇಲ್ಲ. ಆದರೂ ತಂತ್ರಾಂಶದಲ್ಲಿ ಇಂಥದಕ್ಕೊಂದು ಖಾನೆಯಿದೆ. ಅದನ್ನು ತುಂಬುವಾಗ ಯಾವ ಕಾರಕದಿಂದ ವಾಕ್ಯವನ್ನು ಆರಂಭಿಸಬೇಕು? ಕಾರಣ ಕೊಡಿ.